ಕೊಲೆಗಾರ ಯಾರೆಂದು ಗೊತ್ತಿದ್ದೂ ಮತ್ತೆ ಓದಿದೆ

[ಮೇಜಿನ ಮೇಲೆ ಅಂಚು ಮಡಚಿದ ಹಳೇ ಪುಸ್ತಕ, ಪಕ್ಕದಲ್ಲಿ ಪೆನ್ಸಿಲ್]

ಮೊದಲೇ ಹೇಳಿಬಿಡುತ್ತೇನೆ. ಅಗಾಥಾ ಕ್ರಿಸ್ಟಿ ಅವರ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಇನ್ನೂ ಓದಿಲ್ಲ ಅಂದರೆ ವಿಡಿಯೋ ಇಲ್ಲೇ ನಿಲ್ಲಿಸಿ. ಕೊಲೆಗಾರ ಯಾರು ಅಂತ ಈಗಲೇ ಹೇಳಲಿದ್ದೇನೆ. ಆಮೇಲೆ ಬೈಯಬೇಡಿ.

ಇದ್ದೀರಾ? ಸರಿ.

ಪತ್ತೇದಾರ ಹರ್ಕ್ಯೂಲ್ ಪೊಯಿರೊನ ಕಾದಂಬರಿಗಳು 1920ರಿಂದ 1975ರವರೆಗೆ ಒಟ್ಟು 33 ಬಂದವು. ಇದು ಮೂರನೆಯದು, 1926ರದ್ದು. ಉಳಿದವುಗಳಲ್ಲಿ ಎಷ್ಟೋ ಪುಸ್ತಕಗಳನ್ನು ಒಂದು ಸಲ ಓದಿ ಎತ್ತಿಟ್ಟಿದ್ದೇನೆ. ಇದನ್ನು ಮಾತ್ರ ಮತ್ತೆ ಮತ್ತೆ ತೆಗೆಯುತ್ತೇನೆ. ಈ ಸಲ ಪೆನ್ಸಿಲ್ ಹಿಡಿದು ಕೂತಿದ್ದೆ.

ಇಂಗ್ಲೆಂಡಿನ ಕಿಂಗ್ಸ್ ಆಬಟ್ ಅನ್ನೋ ಹಳ್ಳಿ. ಊರಿನ ಸಾಹುಕಾರ ಆಕ್ರಾಯ್ಡ್ ತನ್ನ ಮನೆಯಲ್ಲೇ ಕೊಲೆಯಾಗುತ್ತಾನೆ. ಕಥೆ ಹೇಳುವವನು ಊರಿನ ಡಾಕ್ಟರ್ ಶೆಪರ್ಡ್. ತನಿಖೆಯಲ್ಲಿ ಪೊಯಿರೊ ಜೊತೆ ಓಡಾಡುವವನೂ ಅವನೇ. ಕೊಂದವನೂ ಅವನೇ.

ಇದು ಮೋಸ ಅಂತ ಆಗ ಕೆಲವು ಓದುಗರು ಸಿಟ್ಟಾದರು. ಕಥೆ ಹೇಳುವವನನ್ನೇ ನಂಬಬಾರದು ಅಂದರೆ ಇನ್ಯಾರನ್ನು ನಂಬೋದು, ಅಲ್ವಾ? ಆದರೆ ಎರಡನೇ ಸಲ ಓದಿ. ಶೆಪರ್ಡ್ ಬೇರೆಯವರ ಮುಂದೆ ಸುಳ್ಳು ಹೇಳುತ್ತಾನೆ, ನಿಜ. ನಮಗೆ ಬರೆಯುವಾಗ ಮಾತ್ರ ನೇರವಾದ ಸುಳ್ಳು ಹುಡುಕಿದರೂ ನನಗೆ ಸಿಗಲಿಲ್ಲ.

[ತೆರೆಯ ಮೇಲೆ: 8:40, ನಂತರ 8:50]

ಕೊಲೆಯ ರಾತ್ರಿಯನ್ನೇ ನೋಡಿ. ಎಂಟೂ ನಲವತ್ತಕ್ಕೆ ಆಕ್ರಾಯ್ಡ್‌ಗೆ ಅಂಚೆ ಬಂತು. ಎಂಟೂ ಐವತ್ತಕ್ಕೆ ನಾನು ಹೊರಟೆ, ಒಂದು ಕಾಗದ ಇನ್ನೂ ಪೂರ್ತಿ ಓದದೆ ಹಾಗೇ ಇತ್ತು ಅಂತಾನೆ ಶೆಪರ್ಡ್. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ಏನಾದರೂ ಬಾಕಿ ಉಳಿಯಿತಾ ಅಂತ ಒಮ್ಮೆ ತಿರುಗಿ ನೋಡಿದನಂತೆ. ಅಷ್ಟೇ. ನಡುವಿನ ಹತ್ತು ನಿಮಿಷ ಎಲ್ಲಿ ಹೋಯಿತು? ಎರಡು ವಾಕ್ಯಗಳ ಸಂದಿಯಲ್ಲಿ ಕೊಲೆ ಆಗಿಹೋಗಿದೆ! ಮೊದಲ ಸಲ ನಾನು ಅಲ್ಲಿ ಉಸಿರೂ ತೆಗೆದುಕೊಳ್ಳದೆ ಮುಂದೆ ಓದಿದ್ದೆ.

ಹೆಣ ಸಿಕ್ಕಾಗಲೂ ಹಾಗೇ. ಬಟ್ಲರ್‌ನನ್ನು ಪೊಲೀಸರಿಗೆ ಫೋನ್ ಮಾಡಲು ಕಳಿಸಿ, ಮಾಡಬೇಕಾದ್ದು ಸ್ವಲ್ಪವಿತ್ತು, ಮಾಡಿದೆ ಅಂತಾನೆ. ಡಾಕ್ಟರ್ ಅಲ್ವಾ, ನಾಡಿ ನೋಡಿರಬೇಕು ಅಂದುಕೊಂಡೆ. ಅವನು ಮಾಡಿದ್ದು ಬೇರೆ. ಆಕ್ರಾಯ್ಡ್ ಇನ್ನೂ ಬದುಕಿದ್ದಾನೆ ಅನ್ನಿಸಲು ಅವನ ದನಿ ಕೇಳಿಸಿದ ಡಿಕ್ಟಾಫೋನನ್ನು, ಅಂದರೆ ಮಾತು ಮುದ್ರಿಸಿ ಮತ್ತೆ ಕೇಳಿಸುವ ಯಂತ್ರವನ್ನು, ಬ್ಯಾಗಿಗೆ ಹಾಕಿಕೊಂಡ. ಅದನ್ನು ಮರೆಮಾಡಿದ್ದ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ.

ಕೊನೆಯಲ್ಲಿ ಶೆಪರ್ಡ್ ತಾನೇ ಈ ವಾಕ್ಯಗಳನ್ನು ಎತ್ತಿ ತೋರಿಸಿ ಬೀಗುತ್ತಾನೆ. ಕೊಲೆಗಿಂತ ಬರವಣಿಗೆಯ ಮೇಲೇ ಅವನಿಗೆ ಹೆಮ್ಮೆ ಜಾಸ್ತಿ!

ಈ ಸಲ ನನ್ನನ್ನು ಹೆಚ್ಚು ಹಿಡಿದದ್ದು ಅವನ ಅಕ್ಕ ಕ್ಯಾರೊಲಿನ್. ಮನೆಯಲ್ಲಿ ಕೂತೇ ಊರಿನ ಸುದ್ದಿಯೆಲ್ಲ ತಿಳಿಯುವವಳು. ಮುಂದೆ ಕ್ರಿಸ್ಟಿಯ ಇನ್ನೊಬ್ಬ ಪತ್ತೇದಾರಳು ಮಿಸ್ ಮಾರ್ಪಲ್ ಪಾತ್ರ ಹುಟ್ಟಿದ್ದು ಬಹುಶಃ ಇವಳಿಂದಲೇ ಅಂತ ಕ್ರಿಸ್ಟಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಒಂದು ಕಡೆ ತಮ್ಮನಿಗೆ ಅವಳು ಹೇಳುತ್ತಾಳೆ: ನಿನ್ನ ಮನಸ್ಸು ಗಟ್ಟಿ ಇಲ್ಲ, ಸರಿಯಾಗಿ ಬೆಳೆಸದಿದ್ದರೆ ಏನೇನು ಕಿತಾಪತಿ ಮಾಡ್ತಿದ್ದೆಯೋ ಅಂತ. ಮೊದಲ ಓದಿನಲ್ಲಿ ಅದು ಸುಮ್ನೆ ಅಕ್ಕನ ಗೊಣಗಾಟ. ಈಗ ಓದಿದರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಶೆಪರ್ಡ್‌ಗೆ ಪೊಲೀಸರಿಗಿಂತ ಅವಳಿಗೆ ಗೊತ್ತಾಗುವುದೇ ದೊಡ್ಡ ಭಯ.

[ಗೋಡೆಯ ಮೇಲಿಂದ ಹಾರಿ ಬರುವ ಕಾಯಿಯ ಚಿತ್ರ]

ಪೊಯಿರೊ ಈ ಹಳ್ಳಿಗೆ ಬಂದದ್ದು ಕೆಲಸ ಬಿಟ್ಟು ಕುಂಬಳದ ಜಾತಿಯ ಕಾಯಿ ಬೆಳೆಯೋಕೆ. ಒಂದು ದಿನ ಸಿಟ್ಟಲ್ಲಿ ಅವನು ಎಸೆದ ಕಾಯಿ ಗೋಡೆ ದಾಟಿ ಶೆಪರ್ಡ್‌ನ ಪಕ್ಕದಲ್ಲೇ ಹಾರಿಹೋಗುತ್ತದೆ. ಮೊದಲ ಭೇಟಿ ಅದು. ನಗು ಬರುತ್ತದೆ. ಪುಸ್ತಕದ ಕೊನೇ ವಾಕ್ಯವೂ ಆ ಕಾಯಿಯದ್ದೇ: ಪೊಯಿರೊ ಅದನ್ನು ಬೆಳೆಯಲು ಇಲ್ಲಿಗೆ ಬರದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಶೆಪರ್ಡ್ ಹಲುಬುತ್ತಾನೆ.