ಮಲೆನಾಡಿಗೆ ಇವಿ ಕಾರು: ಘಾಟಿ ಆಮೇಲೆ, ಮೊದಲು ಮನೆಯ ಅರ್ತಿಂಗ್

[ದೃಶ್ಯ: ಆಗುಂಬೆ ಘಾಟಿಯ ತಿರುವು, ಸಣ್ಣ ಮಳೆ. ಕಾರಿನ ಪರದೆಯಲ್ಲಿ ಬ್ಯಾಟರಿ ಅಂಕಿ ಇಳಿಯುತ್ತಿದೆ.]

ನಮಸ್ಕಾರ. ಶಿವಮೊಗ್ಗದ ಯಾವ ಶೋರೂಮಿಗೆ ಹೋಗಿ ಇವಿ ಕಾರಿನ ಮುಂದೆ ನಿಂತರೂ ಎರಡು ಪ್ರಶ್ನೆ ಕಿವಿಗೆ ಬೀಳುತ್ತೆ. "ಫುಲ್ ಚಾರ್ಜಿಗೆ ಎಷ್ಟು ಓಡುತ್ತೆ?" "ಘಾಟಿ ಹತ್ತುತ್ತಾ?" ಎರಡಕ್ಕೂ ಇವತ್ತು ಲೆಕ್ಕ ಸಮೇತ ಉತ್ತರ ಇದೆ. ಆದರೆ ನಮ್ಮ ಕಡೆ ಇವಿ ತಗೊಳ್ಳೋರು ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ: ನಮ್ಮ ಮನೆಯ ಪ್ಲಗ್ ಪಾಯಿಂಟು ಈ ಕಾರನ್ನು ತಡೆಯುತ್ತಾ? ವಿಡಿಯೋದ ಹೆಚ್ಚು ಹೊತ್ತು ಅದಕ್ಕೇ ಇಟ್ಟಿದ್ದೀವಿ.

ಮೊದಲು ಓಟದ ಲೆಕ್ಕ. ಟಾಟಾ ನೆಕ್ಸಾನ್ ಇವಿಯ 45 ಯೂನಿಟ್ ಬ್ಯಾಟರಿಗೆ ಕಂಪನಿ ಹೇಳೋದು 489 ಕಿ.ಮೀ. ಎಂಜಿ ವಿಂಡ್ಸರ್‌ನ 38 ಯೂನಿಟ್ ಬ್ಯಾಟರಿಗೆ 332. ಸುಳ್ಳು ಹೇಳ್ತಿದ್ದಾರೆ ಅಂತಲ್ಲ. ಆ ಪರೀಕ್ಷೆ ನಡೆಯೋದು ಲ್ಯಾಬಿನಲ್ಲಿ, ಉರುಳೆಗಳ ಮೇಲೆ, ಎಸಿ ಆಫ್ ಮಾಡಿ. ನಮಗೆ ಬೇಕಾದ ಅಂಕಿ ಸಿಗೋಕೆ ಒಂದು ಸುಲಭ ದಾರಿ ಇದೆ. ಬ್ಯಾಟರಿ ಎಷ್ಟು ಯೂನಿಟ್ ಅಂತ ನೋಡಿ, ಆರೂವರೆಯಿಂದ ಗುಣಿಸಿ. ಇಲ್ಲಿ ಯೂನಿಟ್ ಅಂದರೆ ಮೆಸ್ಕಾಂ ಕರೆಂಟ್ ಬಿಲ್ಲಿನಲ್ಲಿ ಬರೋ ಅದೇ ಯೂನಿಟ್, ಕಂಪನಿಯವರು kWh ಅಂತ ಬರೆದಿರ್ತಾರೆ. 45 ಇದ್ದರೆ ಸುಮಾರು 290 ಕಿ.ಮೀ., 38 ಇದ್ದರೆ 245ರ ಆಸುಪಾಸು. ಟಿಯಾಗೊ ಥರದ ಹಗುರ ಕಾರಿಗೆ ಏಳು, ಏಳೂವರೆಯಿಂದ ಗುಣಿಸಬಹುದು.

ಮಲೆನಾಡಿನ ರಸ್ತೆ ಇವಿಗೆ ಕೆಟ್ಟದ್ದು ಅನ್ನೋ ಮಾತಿದೆ. ನಿಜ ಅದಕ್ಕೆ ಉಲ್ಟಾ. ಬ್ಯಾಟರಿ ತಿನ್ನೋದು ವೇಗ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತೆ. ತೀರ್ಥಹಳ್ಳಿ ರಸ್ತೆಯ ತಿರುವುಗಳಲ್ಲಿ ಐವತ್ತು, ಅರವತ್ತರ ಮೇಲೆ ಹೋಗೋಕೆ ಆಗಲ್ಲ, ಅದೇ ಕಾರಿಗೆ ಅನುಕೂಲ. ಅದೇ ಕಾರು ತುಮಕೂರು ದಾಟಿ ಹೆದ್ದಾರಿಯಲ್ಲಿ ನೂರರಲ್ಲಿ ಓಡಿದರೆ, ಗುಣಿಸೋ ಅಂಕಿ ಆರೂವರೆಯಿಂದ ಐದೂವರೆಗೆ ಇಳಿಯುತ್ತೆ.

[ಗ್ರಾಫಿಕ್: ಸೋಮೇಶ್ವರದಿಂದ ಆಗುಂಬೆಗೆ ಏರುವ ಗೆರೆ, ಪಕ್ಕದಲ್ಲಿ ಯೂನಿಟ್ ಲೆಕ್ಕ.]

ಈಗ ಘಾಟಿ. ಸೋಮೇಶ್ವರದಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವು, ಏರಿಕೆ 500 ಮೀಟರ್ ಅಂತ ಇಟ್ಟುಕೊಳ್ಳೋಣ. ಕಾರು, ಜನ, ಲಗೇಜು ಸೇರಿ 1800 ಕೆ.ಜಿ. ಇಷ್ಟು ಭಾರವನ್ನು 500 ಮೀಟರ್ ಎತ್ತೋಕೆ ಬೇಕಾದ ಶಕ್ತಿ ಸುಮಾರು ಎರಡೂವರೆ ಯೂನಿಟ್. ಮೋಟಾರಿನ ನಷ್ಟ, ರಸ್ತೆಯ ಓಟ ಎಲ್ಲ ಸೇರಿಸಿದರೆ ಹತ್ತು ಕಿ.ಮೀ. ಘಾಟಿಗೆ ನಾಲ್ಕು ಯೂನಿಟ್ ಹೋಗುತ್ತೆ. ಸಮತಟ್ಟು ರಸ್ತೆಯಲ್ಲಾದರೆ ಅಷ್ಟು ದೂರಕ್ಕೆ ಒಂದೂವರೆ ಸಾಕಿತ್ತು. ಅಂದರೆ ಘಾಟಿ ಹತ್ತೋ ದಿನ ಮ್ಯಾಪ್ ತೋರಿಸೋ ದೂರಕ್ಕೆ 15ರಿಂದ 20 ಕಿ.ಮೀ. ಸೇರಿಸಿಕೊಳ್ಳಿ, ಮುಗಿಯಿತು.

ಇಳಿಯುವಾಗ? ಕಾಲು ಎತ್ತಿದ ತಕ್ಷಣ ಮೋಟಾರೇ ಡೈನಮೋ ಆಗಿ ಬ್ಯಾಟರಿ ತುಂಬಿಸುತ್ತೆ. ಇದಕ್ಕೆ ರೀಜೆನ್ ಅಂತಾರೆ. ಅದೇ ಘಾಟಿ ಇಳಿದರೆ ಖರ್ಚು ಏನೂ ಇಲ್ಲ, ಮೇಲಾಗಿ ಒಂದು ಯೂನಿಟ್ಟಿನಷ್ಟು ವಾಪಸ್ ಬರುತ್ತೆ. ಹತ್ತೋಕೆ ನಾಲ್ಕು ಕೊಟ್ಟು ಇಳಿಯೋಕೆ ಒಂದು ಪಡೆದರೆ 20 ಕಿ.ಮೀ.ಗೆ ಮೂರು ಯೂನಿಟ್. ಸಮತಟ್ಟು ರಸ್ತೆಗೂ ಹೆಚ್ಚುಕಡಿಮೆ ಅಷ್ಟೇ ಬೇಕು! ಹೋಗಿ ಬರೋರಿಗೆ ಘಾಟಿ ನಷ್ಟವೇ ಅಲ್ಲ.

ಎರಡು ಎಚ್ಚರಿಕೆ ಮಾತ್ರ ಮರೀಬೇಡಿ. ಆಗುಂಬೆ, ಮಾಸ್ತಿಕಟ್ಟೆ ಥರ ಘಾಟಿಯ ತಲೆಯಲ್ಲೇ ಮನೆ ಇದ್ದರೆ, ಇಳಿಯೋ ದಿನ ನೂರಕ್ಕೆ ನೂರು ಚಾರ್ಜ್ ಮಾಡಬೇಡಿ. ತುಂಬಿದ ಕೊಡಕ್ಕೆ ನೀರು ಹಿಡಿಯಲ್ಲ. ರೀಜೆನ್ ಕೆಲಸ ಮಾಡದೆ ಪೂರಾ ಭಾರ ಬ್ರೇಕ್ ಪ್ಯಾಡಿನ ಮೇಲೆ ಬೀಳುತ್ತೆ. ಶೇ 85ಕ್ಕೆ ನಿಲ್ಲಿಸಿ. ಇನ್ನೊಂದು, ಆರಿದ್ರ ಮಳೆ ಹಿಡಿದ ಮೇಲೆ ಪಾಚಿ, ಎಲೆ ಬಿದ್ದ ತಿರುವಿನಲ್ಲಿ ರೀಜೆನ್ ಜೋರು ಇಟ್ಟರೆ ಮುಂದಿನ ಚಕ್ರ ಜಾರಬಹುದು. ಮಳೆಯಲ್ಲಿ ಕೆಳಗಿನ ಮಟ್ಟಕ್ಕೆ ಇಳಿಸಿ, ಬ್ರೇಕನ್ನು ಕಾಲಲ್ಲೇ ಹಿಡೀರಿ.

ಶಿವಮೊಗ್ಗದಿಂದ ಆಗುಂಬೆ ಮೇಲೆ ಉಡುಪಿಗೆ ಸುಮಾರು 150 ಕಿ.ಮೀ. 45 ಯೂನಿಟ್ ಕಾರಿನಲ್ಲಿ ಹೋಗೋಕೆ 20 ಯೂನಿಟ್ ಹತ್ತಿರ, ಬರೋಕೆ 25. ಕೂಡಿಸಿದರೆ ಬ್ಯಾಟರಿ ತಳ ಮುಟ್ಟುತ್ತೆ, ಹಾಗಾಗಿ ಉಡುಪಿ ಅಥವಾ ಮಣಿಪಾಲದಲ್ಲಿ ಊಟದ ಹೊತ್ತಿಗೆ ಚಾರ್ಜಿಗೆ ಹಾಕಲೇಬೇಕು. ಬೆಂಗಳೂರು ಹತ್ತಿರ ಹತ್ತಿರ 300 ಕಿ.ಮೀ.; ಅರಸೀಕೆರೆ, ತಿಪಟೂರು ಸುತ್ತ ಒಂದು ನಿಲುಗಡೆ. 24 ಯೂನಿಟ್ ಕಾರಾದರೆ ಎರಡು. ಚಾರ್ಜರ್ ಬೋರ್ಡಿನಲ್ಲಿ 60 ಕಿಲೋವ್ಯಾಟ್ ಅಂತಿದ್ದರೂ ಎರಡು ಗನ್ (ಕಾರಿಗೆ ಸಿಕ್ಕಿಸೋ ಹಿಡಿಕೆ) ಇರೋ ಕಡೆ ಪಕ್ಕದಲ್ಲಿ ಇನ್ನೊಂದು ಕಾರು ಬಂದರೆ 30–30 ಹಂಚಿಹೋಗೋದು ಸಾಮಾನ್ಯ. ಮುಕ್ಕಾಲು ಗಂಟೆ ಅಂದುಕೊಂಡಿದ್ದು ಒಂದು ಗಂಟೆ ದಾಟುತ್ತೆ. ಪ್ಲಗ್‌ಶೇರ್ ಥರದ ಆ್ಯಪಿನಲ್ಲಿ ಚಾರ್ಜರ್ ಇದೆಯಾ ಅಂತಷ್ಟೇ ನೋಡಬೇಡಿ. ಕೊನೆಯ ಸಲ ಯಾರಿಗೆ, ಯಾವ ತಾರೀಖಿನಲ್ಲಿ ಸರಿಯಾಗಿ ಚಾರ್ಜ್ ಆಯಿತು ಅಂತ ನೋಡಿ.

[ದೃಶ್ಯ: ಹಳೆಯ ಹೆಂಚಿನ ಮನೆಯ ಮೀಟರ್ ಬೋರ್ಡ್. ಕ್ಯಾಮೆರಾ ಅರ್ತ್ ವೈರ್ ಹಿಂಬಾಲಿಸಿ ಅಂಗಳಕ್ಕೆ ಇಳಿಯುತ್ತದೆ.]

ಈಗ ಮನೆ. ಕಾರಿನ ಜೊತೆ ಬರೋ ಸಣ್ಣ ಚಾರ್ಜರನ್ನು ದೊಡ್ಡ ಮೂರು ಪಿನ್ನಿನ 16 ಆಂಪ್ ಸಾಕೆಟ್ಟಿಗೆ ಹಾಕಿದರೆ ಗಂಟೆಗೆ ಎರಡೂವರೆಯಿಂದ ಮೂರು ಯೂನಿಟ್ ತುಂಬುತ್ತೆ. ರಾತ್ರಿ ಒಂಬತ್ತಕ್ಕೆ ಹಾಕಿ ಬೆಳಗ್ಗೆ ಏಳಕ್ಕೆ ತೆಗೆದರೆ 160, 180 ಕಿ.ಮೀ. ಓಟ ಸಿದ್ಧ. ದಿನಾ ತೋಟ, ಪೇಟೆ, ಮಂಡಿ ಅಂತ ಓಡಾಡೋರಿಗೆ ಇದು ಧಾರಾಳ. 7.2 ಕಿಲೋವ್ಯಾಟ್ ವಾಲ್ ಬಾಕ್ಸ್, ಅಂದರೆ ಗೋಡೆಗೆ ಕೂರಿಸೋ ದೊಡ್ಡ ಚಾರ್ಜರ್, ಬೇಕೇ ಬೇಕು ಅಂತ ಯಾರಾದರೂ ಅಂದರೆ ಅವಸರ ಪಡಬೇಡಿ. ದಿನಕ್ಕೆ 150 ಕಿ.ಮೀ. ಮೀರಿ ಓಡಿಸೋರಿಗೆ ಮಾತ್ರ ಅದು.

ಆದರೆ ಆ ಸಾಕೆಟ್ಟು ಹತ್ತು ಗಂಟೆ ಒಂದೇ ಸಮ ಹೊರೆ ಹೊರಬೇಕು. ಗೀಸರ್ ಇಪ್ಪತ್ತು ನಿಮಿಷ ಓಡಿ ನಿಲ್ಲುತ್ತೆ, ಮಿಕ್ಸಿ ಐದು ನಿಮಿಷ. ಕಾರು ಹಾಗಲ್ಲ. ಹಳೆಯ ವೈರಿಂಗು, ಸಡಿಲ ಸ್ಕ್ರೂ ಇದ್ದರೆ ಸಾಕೆಟ್ಟು ಕಂದು ಬಣ್ಣಕ್ಕೆ ತಿರುಗಿ ಕರಗೋದು ಇಲ್ಲೇ. ಆದ್ದರಿಂದ ಮೇನ್ ಬೋರ್ಡಿನಿಂದ ಕಾರಿಗೆ ಅಂತಲೇ ಬೇರೆ ಲೈನ್ ಎಳೆಸಿ: 4 ಸ್ಕ್ವೇರ್ ಎಂಎಂ ತಾಮ್ರದ ವೈರ್, 20 ಆಂಪ್ ಎಂಸಿಬಿ (ಹೊರೆ ಮೀರಿದರೆ ತಾನೇ ಬೀಳೋ ಸ್ವಿಚ್), 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯೋ ಸ್ವಿಚ್), ಒಳ್ಳೆ ಕಂಪನಿಯ ಸಾಕೆಟ್. ಆರ್‌ಸಿಸಿಬಿ ಎ ಟೈಪ್ ಅಂತ ಕೇಳಿ ತಗೊಳ್ಳಿ; ಎಸಿ ಟೈಪಿಗೆ ಚಾರ್ಜರಿನ ಕೆಲವು ಬಗೆಯ ಸೋರಿಕೆ ಗೊತ್ತಾಗಲ್ಲ. ಕಾರು ನಿಲ್ಲೋದು ಮೀಟರಿನಿಂದ 30 ಮೀಟರ್ ಆಚೆ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಾದರೆ 6 ಸ್ಕ್ವೇರ್ ಹಾಕಿಸೋದು ಜಾಣತನ. ವಾಲ್ ಬಾಕ್ಸಿಗಾದರೆ 6 ಕನಿಷ್ಠ, ಎಂಸಿಬಿ 40 ಆಂಪ್. ಎಕ್ಸ್‌ಟೆನ್ಷನ್ ಬೋರ್ಡು ಬೇಡವೇ ಬೇಡ. ಈ ಲೈನು ಮನೆಯ ಇನ್ವರ್ಟರ್ ಮೂಲಕ ಬರಬಾರದು, ಅದರ ಹಿಂದೆಯೇ ಕವಲೊಡೀಬೇಕು. ಇಲ್ಲದಿದ್ದರೆ ಕರೆಂಟ್ ಹೋದ ಕ್ಷಣ ಕಾರಿನ ಹೊರೆ ಪೂರಾ ಇನ್ವರ್ಟರ್ ಮೇಲೆ ಬೀಳುತ್ತೆ.

ಮೊದಲ ರಾತ್ರಿ ಅರ್ಧ ಗಂಟೆ ಬಿಟ್ಟು ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡೋಕೆ ಆಗದಷ್ಟು ಸುಡ್ತಿದ್ದರೆ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೀರಿ.

ಇನ್ನು ಅರ್ತಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸೋ ವೈರು ಮತ್ತು ಗುಂಡಿ. ಚಾರ್ಜರ್ ಮೊದಲು ಪರೀಕ್ಷೆ ಮಾಡೋದೇ ಇದನ್ನು. ಅರ್ತ್ ಸರಿ ಇಲ್ಲ ಅಂದರೆ ಕೆಂಪು ದೀಪ ಹತ್ತಿ ಸುಮ್ಮನಾಗುತ್ತೆ. ಕಾರು ಕೆಟ್ಟಿದೆ ಅಂತ ಶೋರೂಮಿಗೆ ಫೋನ್ ಮಾಡೋಕೆ ಮುಂಚೆ ಮಲ್ಟಿಮೀಟರ್ ಹಿಡೀರಿ. ಮನೆಯ ಗೀಸರ್ ಹಾಕಿಟ್ಟು, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಅಳೆಯಿರಿ. 5 ವೋಲ್ಟಿಗಿಂತ ಕಡಿಮೆ ಇರಬೇಕು. ಹತ್ತು, ಇಪ್ಪತ್ತು ತೋರಿಸಿದರೆ ಗುಂಡಿ ಸತ್ತಿದೆ ಅಥವಾ ವೈರಿನ ಕೊಂಡಿ ತುಕ್ಕು ಹಿಡಿದಿದೆ. ನಮ್ಮ ಕಡೆ ಇದಕ್ಕೆ ಕಾರಣವೂ ಇದೆ. ಇದ್ದಿಲು, ಉಪ್ಪು ಹಾಕಿದ ಹಳೆ ಗುಂಡಿಯ ಉಪ್ಪನ್ನು ನಾಲ್ಕು ಮಳೆಗಾಲ ತೊಳೆದುಬಿಟ್ಟಿರುತ್ತೆ. ಜಂಬಿಟ್ಟಿಗೆ ಮಣ್ಣು ಬೇರೆ, ಬೇಸಿಗೆಯಲ್ಲಿ ಒಣಗಿದರೆ ಕರೆಂಟನ್ನು ಸರಿಯಾಗಿ ಬಿಟ್ಟುಕೊಡಲ್ಲ. ಮಳೆಗಾಲದಲ್ಲಿ ಚೆನ್ನಾಗಿ ಚಾರ್ಜ್ ಆಗ್ತಿದ್ದ ಕಾರು ಏಪ್ರಿಲ್‌ನಲ್ಲಿ ಮುಷ್ಕರ ಹೂಡೋದು ಇದಕ್ಕೇ. ತಾಮ್ರ ಲೇಪಿಸಿದ ರಾಡ್, ಸುತ್ತ ಬೆಂಟೊನೈಟ್ ಪುಡಿ (ತೇವ ಹಿಡಿದಿಡೋ ಜೇಡಿಮಣ್ಣು) ತುಂಬಿದ ಹೊಸ ಗುಂಡಿ ಮಾಡಿಸಿ. ಬಚ್ಚಲ ನೀರು ಹೋಗೋ ಕಡೆ ಜಾಗ ಸಿಕ್ಕರೆ ವರ್ಷವಿಡೀ ತೇವ ಇರುತ್ತೆ.

ಲೈನಿನ ಕೊನೆಯಲ್ಲಿರೋ ಒಂಟಿ ಮನೆಗಳಿಗೆ ವೋಲ್ಟೇಜ್ ಚಿಂತೆ. ಸುತ್ತಲ ತೋಟದ ಪಂಪ್‌ಸೆಟ್ಟುಗಳು ಓಡೋ ಹೊತ್ತಿಗೆ 180ಕ್ಕೆ ಇಳಿದರೆ ಚಾರ್ಜ್ ನಡುವೆಯೇ ನಿಲ್ಲಬಹುದು. ಕಾರು ಕೊಳ್ಳೋಕೆ ಮುಂಚೆ ಒಂದು ವಾರ ಬೆಳಗ್ಗೆ, ಸಂಜೆ, ನಡುರಾತ್ರಿ ವೋಲ್ಟೇಜ್ ಬರೆದಿಡಿ. ಯಾವ ಹೊತ್ತು ಒಳ್ಳೇದು ಅಂತ ಗೊತ್ತಾದರೆ ಟೈಮರ್ ಅದಕ್ಕೆ ಇಡಬಹುದು. ಏಪ್ರಿಲ್, ಮೇ ತಿಂಗಳ ಗುಡುಗು ಶುರುವಾದರೆ ಪ್ಲಗ್ ಎಳೆದುಬಿಡಿ. ಮೇನ್ ಬೋರ್ಡಿಗೆ ಒಂದು ಸರ್ಜ್ ಪ್ರೊಟೆಕ್ಟರ್, ಅಂದರೆ ದಿಢೀರ್ ಏರೋ ವೋಲ್ಟೇಜ್ ತಡೆಯೋ ಸಾಧನ, ಹಾಕಿಸಿ. ಕಾರಿನೊಳಗಿನ ಚಾರ್ಜರ್ ಸುಟ್ಟರೆ ಬೀಳೋ ಖರ್ಚಿನ ಮುಂದೆ ಅದರ ಬೆಲೆ ಏನೂ ಅಲ್ಲ.

ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲ ಅನ್ನೋದು ಹೊಸನಗರ, ತೀರ್ಥಹಳ್ಳಿ ಕಡೆ ಹೊಸದಲ್ಲ. ಆರಿದ್ರದಿಂದ ಆಶ್ಲೇಷ ಮುಗಿಯೋವರೆಗೆ ಒಂದು ರೂಢಿ ಮಾಡಿಕೊಳ್ಳಿ: ಬ್ಯಾಟರಿ ಶೇ 50ಕ್ಕಿಂತ ಇಳಿಯೋಕೆ ಬಿಡದೆ, ಕರೆಂಟ್ ಇದ್ದಾಗ ಇದ್ದಾಗ ತುಂಬಿಸ್ತಾ ಇರೋದು. ಕೆಲವು ಕಾರುಗಳಲ್ಲಿ ಬ್ಯಾಟರಿಯಿಂದ ಕರೆಂಟ್ ಹೊರಗೆ ತೆಗೆಯೋ ಸೌಲಭ್ಯ ಇದೆ, ವಿಟುಎಲ್ ಅಂತಾರೆ. ದೀಪ, ಫ್ರಿಡ್ಜ್, ಮೊಬೈಲು ಎರಡು ದಿನ ಆರಾಮಾಗಿ ನಡೆಯುತ್ತೆ. ಮಲೆನಾಡಿನವರಿಗೆ ಸನ್‌ರೂಫಿಗಿಂತ ನೂರು ಪಾಲು ಉಪಯೋಗದ್ದು. ಆದರೆ ಅದನ್ನು ಮನೆಯ ಸಾಕೆಟ್ಟಿಗೆ ಉಲ್ಟಾ ಕೊಡಬೇಡಿ. ಆ ಕರೆಂಟ್ ಹೊರಗಿನ ಲೈನಿಗೂ ಹೋಗುತ್ತೆ, ಕಂಬದ ಮೇಲೆ ಲೈನ್‌ಮನ್ ಇರ್ತಾರೆ. ಬೇಕಾದ ಉಪಕರಣವನ್ನು ನೇರ ಕಾರಿಗೇ ಸಿಕ್ಕಿಸಿ.

[ಗ್ರಾಫಿಕ್: ಒಂದು ಕಡೆ ಪೆಟ್ರೋಲ್ ಬಂಕ್, ಒಂದು ಕಡೆ ಮೆಸ್ಕಾಂ ಬಿಲ್.]

ದುಡ್ಡಿನ ವಿಚಾರ. ಪೆಟ್ರೋಲ್ ಲೀಟರಿಗೆ 103 ಅಂತ ಇಟ್ಟುಕೊಂಡು, ಏರುತಗ್ಗಿನ ರಸ್ತೆಯಲ್ಲಿ 15 ಕಿ.ಮೀ. ಕೊಟ್ಟರೆ ಕಿ.ಮೀ.ಗೆ 6 ರೂಪಾಯಿ 90 ಪೈಸೆ. ಇವಿಗೆ ಚಾರ್ಜಿಂಗ್ ನಷ್ಟ ಸೇರಿ 100 ಕಿ.ಮೀ.ಗೆ 17 ಯೂನಿಟ್. ಯೂನಿಟ್ಟಿಗೆ ಆರೂವರೆ ರೂಪಾಯಿ ಹಿಡಿದರೆ ಕಿ.ಮೀ.ಗೆ 1 ರೂಪಾಯಿ 10 ಪೈಸೆ. ಉಳಿತಾಯ 5 ರೂಪಾಯಿ 80 ಪೈಸೆ. ಕಾರಿನ ಬೆಲೆ ಪೆಟ್ರೋಲಿಗಿಂತ 3 ಲಕ್ಷ ಹೆಚ್ಚಿದ್ದರೆ 52,000 ಕಿ.ಮೀ. ಓಡಿಸಿದ ಮೇಲೆ ಲೆಕ್ಕ ಸಮ. ತಿಂಗಳಿಗೆ ಸಾವಿರ ಓಡಿಸೋರಿಗೆ ನಾಲ್ಕು ವರ್ಷ ನಾಲ್ಕು ತಿಂಗಳು, ಎರಡು ಸಾವಿರ ಓಡಿಸೋರಿಗೆ ಎರಡು ವರ್ಷ ಚಿಲ್ಲರೆ. ತಿಂಗಳಿಗೆ 500 ಕಿ.ಮೀ. ಕೂಡ ಓಡಿಸದವರು ದುಡ್ಡು ಉಳಿಸೋಕೆ ಅಂತ ಇವಿ ತಗೋಬೇಡಿ. ಎಂಟು ವರ್ಷ ದಾಟುತ್ತೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ, ಇವಿಗೆ ಮೊದಲಿನ ಶೇ 5 ಹಾಗೇ ಇದೆ. ಹಾಗಾಗಿ ಹಳೆಯ ಬೆಲೆ ಹೋಲಿಕೆಗಳನ್ನು ನಂಬದೆ ಎರಡೂ ಕಾರಿನ ಆನ್‌ರೋಡ್ ಕೊಟೇಶನ್ ಒಂದೇ ದಿನ ತಗೊಳ್ಳಿ.

ಗೃಹಜ್ಯೋತಿ ಇರೋರು ಇದನ್ನು ಗಮನವಿಟ್ಟು ಕೇಳಿ. ತಿಂಗಳಿಗೆ ಸಾವಿರ ಕಿ.ಮೀ. ಅಂದರೆ 170 ಯೂನಿಟ್. ಮನೆಗೆ 60 ಇದ್ದರೆ ಒಟ್ಟು 230. ಇನ್ನೂರು ದಾಟಿದ ತಿಂಗಳು ಪೂರಾ ಬಿಲ್ ಕಟ್ಟಬೇಕು, ಉಚಿತ ಭಾಗವೂ ಹೋಗುತ್ತೆ. ತಿಂಗಳಿಗೆ 400 ರೂಪಾಯಿ ಹತ್ತಿರ ಹೆಚ್ಚು, ಅಂದರೆ ಕಿ.ಮೀ.ಗೆ 40 ಪೈಸೆ. ಪೆಟ್ರೋಲಿನ ಮುಂದೆ ಇನ್ನೂ ಅಗ್ಗವೇ, ಆದರೆ ಬಿಲ್ ನೋಡಿ ಗಾಬರಿ ಆಗಬಾರದು. ಇವಿ ಚಾರ್ಜಿಂಗಿಗೆ ಬೇರೆ ದರವರ್ಗ ಇದೆ. ನಿಮ್ಮ ಮನೆಗೆ ಬೇರೆ ಮೀಟರ್ ಸಿಗುತ್ತಾ ಅಂತ ಮೆಸ್ಕಾಂ ಕಚೇರಿಯಲ್ಲಿ ವಿಚಾರಿಸಿ. ಹಾಗೇ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಒಂದೋ ಎರಡೋ ಕಿಲೋವ್ಯಾಟ್ ಇದ್ದರೆ ಮೊದಲೇ ಹೆಚ್ಚಿಸಿಕೊಳ್ಳಿ.

ಬ್ಯಾಟರಿ ಬಾಡಿಗೆ ಯೋಜನೆಯೂ ಇದೆ. 2024ರ ಸೆಪ್ಟೆಂಬರ್‌ನಲ್ಲಿ ವಿಂಡ್ಸರ್ ಬಂದಾಗ ಕಿ.ಮೀ.ಗೆ ಮೂರೂವರೆ ರೂಪಾಯಿ ಬಾಡಿಗೆ. ಕರೆಂಟ್ ಸೇರಿಸಿದರೆ 4 ರೂಪಾಯಿ 60 ಪೈಸೆ, ಉಳಿತಾಯದ ಬಹುಪಾಲು ಅಲ್ಲೇ ಕರಗಿತು. ತಿಂಗಳಿಗೆ ಕನಿಷ್ಠ ಇಷ್ಟು ಕಿ.ಮೀ. ಅಂತ ಕರಾರು ಇದೆಯಾ ಅಂತ ಓದಿ ಸಹಿ ಮಾಡಿ.

ಬ್ಯಾಟರಿ ವಾರಂಟಿ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿ.ಮೀ. ಆದರೆ ತೋಟದ ದಾರಿಯಲ್ಲಿ ಕಲ್ಲು ತಗುಲಿ ಬ್ಯಾಟರಿಯ ತಳ ಜಜ್ಜಿದರೆ ಅದು ವಾರಂಟಿ ಅಲ್ಲ, ಇನ್ಶೂರೆನ್ಸ್. ಜೀರೋ ಡೆಪ್ (ಸವಕಳಿ ಕಳೆಯದೆ ಪೂರಾ ದುಡ್ಡು ಕೊಡೋ ಕವರ್) ಜೊತೆ ಬ್ಯಾಟರಿ ಕವರ್ ಬೇರೆ ಇದೆಯಾ ಅಂತ ಪಾಲಿಸಿಯಲ್ಲಿ ಹುಡುಕಿ. ಕೆಟ್ಟು ನಿಂತರೆ ಜೀಪಿಗೆ ಹಗ್ಗ ಕಟ್ಟಿ ಎಳೆಸೋ ನಮ್ಮ ರೂಢಿ ಇಲ್ಲಿ ನಡೆಯಲ್ಲ. ಚಕ್ರ ತಿರುಗಿದರೆ ಮೋಟಾರೂ ತಿರುಗಿ ಕರೆಂಟ್ ಹುಟ್ಟುತ್ತೆ, ಇದ್ದದ್ದೂ ಸುಡಬಹುದು. ನಾಲ್ಕೂ ಚಕ್ರ ಮೇಲೆತ್ತಿಕೊಂಡು ಹೋಗೋ ಫ್ಲಾಟ್‌ಬೆಡ್ ಲಾರಿಯೇ ಬರಬೇಕು.

[ದೃಶ್ಯ: ಟೆಸ್ಟ್ ಡ್ರೈವ್ ಕಾರು ಶಿವಮೊಗ್ಗ ಬಿಟ್ಟು ತೀರ್ಥಹಳ್ಳಿ ರಸ್ತೆ ಹಿಡಿಯುತ್ತಿದೆ.]

ಟೆಸ್ಟ್ ಡ್ರೈವಿಗೆ ನೆಹರೂ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬರಬೇಡಿ. ಅರ್ಧ ದಿನ ಕೇಳಿ. ಮನೆಯವರನ್ನೆಲ್ಲ ಕೂರಿಸಿಕೊಂಡು, ಎಸಿ ಹಾಕಿ, ನೀವು ನಿಜಕ್ಕೂ ದಿನಾ ಓಡಾಡೋ ರಸ್ತೆಯಲ್ಲಿ ಹೋಗಿ. ಹೊರಡುವಾಗ ಟ್ರಿಪ್ ಮೀಟರ್ ಸೊನ್ನೆ ಮಾಡಿ, ಬಂದಮೇಲೆ 100 ಕಿ.ಮೀ.ಗೆ ಎಷ್ಟು ಯೂನಿಟ್ ಅಂತ ಪರದೆಯಲ್ಲಿ ಓದಿ ಬರೆದುಕೊಳ್ಳಿ. ಸಾಧ್ಯವಾದರೆ ಕಾರನ್ನು ನಿಮ್ಮ ಅಂಗಳಕ್ಕೇ ತಂದು, ನಿಮ್ಮದೇ ಸಾಕೆಟ್ಟಿಗೆ ಹತ್ತು ನಿಮಿಷ ಹಾಕಿ, ದೀಪ ಹಸಿರು ಬರುತ್ತಾ ನೋಡಿ.