ಯಾವುದರಿಂದ ಶುದ್ಧ?

ಎಲ್ಲರಿಗೂ ನಮಸ್ಕಾರ. ಸಭಾಂಗಣದ ಒಳಗೆ ಬಂದ ಕೂಡಲೇ ನನ್ನ ಕಣ್ಣಿಗೆ ಬಿದ್ದದ್ದು ನೀವು ಕುಳಿತಿರುವ ರೀತಿ. ಎಡಕ್ಕೆ ಚಿಪ್ ತಯಾರಿಕೆಯವರು, ನಡುವೆ ಔಷಧ ಮತ್ತು ಜೀವವಿಜ್ಞಾನದವರು, ಬಲಕ್ಕೆ ನೀರಿನ ಶುದ್ಧೀಕರಣದವರು. ವಿರಾಮದಲ್ಲೂ ಮೂರು ಗುಂಪುಗಳಾಗಿಯೇ ನಿಂತಿದ್ದಿರಿ. ಈ ಗೋಡೆಯನ್ನು ಸ್ವಲ್ಪವಾದರೂ ಕೆಡವಬೇಕೆಂಬ ಆಸೆಯಿಂದಲೇ ನಾನು ಈ ಆಹ್ವಾನವನ್ನು ಒಪ್ಪಿಕೊಂಡೆ. ನಿಮ್ಮ ಮೂವರ ಕಾರ್ಖಾನೆಗಳಲ್ಲಿಯೂ ಒಂದೇ ವಸ್ತು ಹರಿಯುತ್ತದೆ. ಅದು ನೀರು. ಅದರಿಂದಾಗುವ ಸೋಲುಗಳಿಗೂ ಬಹುಪಾಲು ಒಂದೇ ಬೇರು.

ಉಪಕರಣಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ಅವು ನಿಮಗೆ ಗೊತ್ತು. ಇಂಗಾಲದ ಸೋಸುಗ, ರಿವರ್ಸ್ ಆಸ್ಮಾಸಿಸ್ ಪೊರೆ, ಅಯಾನುಗಳನ್ನು, ಅಂದರೆ ನೀರಿನಲ್ಲಿ ಕರಗಿದ ವಿದ್ಯುದಂಶವುಳ್ಳ ಕಣಗಳನ್ನು, ಹಿಡಿದಿಡುವ ಅಯಾನು ವಿನಿಮಯ ರಾಳ, ನೇರಳಾತೀತ ದೀಪ, ಕೊನೆಗೆ ಅತಿಸೂಕ್ಷ್ಮ ಸೋಸುಗ. ಕ್ರಮ ಹಿಂದುಮುಂದಾಗಬಹುದು, ಗಾತ್ರ ಬೇರೆಯಾಗಬಹುದು, ಹೆಚ್ಚೇನೂ ವ್ಯತ್ಯಾಸವಿಲ್ಲ. ಆದರೆ ಇಷ್ಟನ್ನೂ ಕೊಂಡು ತಂದು ಜೋಡಿಸಿದವರು ಸಾಮಾನ್ಯವಾಗಿ ಕೇಳದೆ ಬಿಡುವ ಪ್ರಶ್ನೆ ಒಂದಿದೆ. ಅದನ್ನು ನನಗೆ ಕಲಿಸಿದವರ ಕಥೆಯನ್ನು ಹೇಳಲೇಬೇಕು.

ಆಗ ನನಗೆ ಕೆಲಸ ಹೊಸದು. ಒಂದು ಚಿಪ್ ಕಾರ್ಖಾನೆಯಲ್ಲಿ ವೇಫರ್‌ಗಳ ಮೇಲೆ, ಅಂದರೆ ಚಿಪ್ ತಯಾರಿಸುವ ಸಿಲಿಕಾನ್ ಬಿಲ್ಲೆಗಳ ಮೇಲೆ, ತೊಳೆದು ಒಣಗಿಸಿದ ನಂತರ, ಮಸುಕಾದ ಕಲೆಗಳು ಉಳಿಯುತ್ತಿದ್ದವು. ನೀರನ್ನು ನೋಡಿ ಬಾ ಎಂದು ನನ್ನನ್ನು ಕಳುಹಿಸಿದರು. ನಾನು ನೇರವಾಗಿ ಮೀಟರಿನ ಬಳಿಗೆ ಹೋದೆ. 18.2 ಮೆಗಾ ಓಮ್ ಸೆಂಟಿಮೀಟರ್ ತೋರಿಸುತ್ತಿತ್ತು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ವಿದ್ಯುತ್ ರೋಧಕತೆ ಇದಕ್ಕಿಂತ ಮೇಲೇರುವುದಿಲ್ಲ. ನೀರಿನ ಅಣುಗಳೇ ಅಲ್ಪಸ್ವಲ್ಪ ಒಡೆದು ಅಯಾನುಗಳಾಗುವುದರಿಂದ ಅದೇ ಪ್ರಕೃತಿಯ ಗಡಿ. ನಾನು ಪುಸ್ತಕದಲ್ಲಿ ಬರೆದುಕೊಂಡೆ: ನೀರು ಶುದ್ಧ. ಅಲ್ಲಿನ ಪ್ರಯೋಗಾಲಯದಲ್ಲಿ ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಹಿರಿಯ ರಸಾಯನಶಾಸ್ತ್ರಜ್ಞೆ ಇದ್ದರು. ನಾನು ಬರೆದದ್ದನ್ನು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮೆಲ್ಲನೆ ಕೇಳಿದರು: "ಯಾವುದರಿಂದ ಶುದ್ಧ?"

ನನ್ನ ಬಳಿ ಉತ್ತರವಿರಲಿಲ್ಲ. ಅವರು ಮಾದರಿ ತೆಗೆದು ಸಿಲಿಕಾ ಪರೀಕ್ಷೆ ಮಾಡಿಸಿದರು. ಕರಗಿದ ಸಿಲಿಕಾ ಸೋರಿ ಬರುತ್ತಿತ್ತು. ಕಾರಣ ಸರಳ. ಸಿಲಿಕಾ ನೀರಿನಲ್ಲಿ ಅಯಾನಾಗುವುದು ತೀರಾ ಕಡಿಮೆ. ಹಾಗಾಗಿ ರಾಳದ ಹಿಡಿತ ಅದರ ಮೇಲೆ ಬಲು ಸಡಿಲ; ರಾಳ ಸೋಲುತ್ತಾ ಬಂದಾಗ ಮೊದಮೊದಲು ಕೈಜಾರುವುದೂ ಅದೇ. ಬೋರಾನಿನ ಕಥೆಯೂ ಹೀಗೆಯೇ, ಅದು ಸಿಲಿಕಾಗಿಂತಲೂ ಮುಂಚೆ ನುಸುಳುತ್ತದೆ. ಮೀಟರು ಅಳೆಯುವುದು ಅಯಾನುಗಳು ಒಯ್ಯುವ ವಿದ್ಯುತ್ತನ್ನು ಮಾತ್ರ. ಅದು ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತಿತ್ತು. ನಾನು ಅದರ ಕೆಲಸಕ್ಕೆ ಸೇರದ ಭರವಸೆಯನ್ನು ಅದರಿಂದ ಪಡೆದುಕೊಂಡಿದ್ದೆ. ರಾಳ ಬದಲಾಯಿಸಿದ ಮೇಲೆ ಕಲೆಗಳು ನಿಂತವು. ಆ ಪ್ರಶ್ನೆ ಮಾತ್ರ ನನ್ನ ಜೊತೆಯಲ್ಲೇ ಉಳಿಯಿತು.

ಅಪ್ಪಟ ನೀರಿನ ಹಂಬಲ ಹಳೆಯದು. 1894ರಲ್ಲಿ ಫ್ರೀಡ್ರಿಖ್ ಕೋಲ್‌ರೌಷ್ ಮತ್ತು ಆಡಾಲ್ಫ್ ಹೈಡ್‌ವೈಲರ್ ಎಂಬ ಜರ್ಮನ್ ಭೌತವಿಜ್ಞಾನಿಗಳು ನೀರಿನ ನಿಜವಾದ ವಾಹಕತೆಯನ್ನು ಅಳೆಯಲು ಹೊರಟು, ಗಾಳಿ ತೆಗೆದ ಪಾತ್ರೆಯಲ್ಲಿ ನೀರನ್ನು ಮತ್ತೆ ಮತ್ತೆ ಭಟ್ಟಿ ಇಳಿಸಿದರು. ನಲವತ್ತೆರಡು ಬಾರಿ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಅಷ್ಟೊಂದು ಶ್ರಮಪಟ್ಟು ಪಡೆದ ನೀರನ್ನು ಗಾಳಿಗೆ ತೆರೆದಿಟ್ಟರೆ ಏನಾಗುತ್ತದೆ? ಇಂಗಾಲದ ಡೈಆಕ್ಸೈಡ್ ಕರಗಿ ಕಾರ್ಬೋನಿಕ್ ಆಮ್ಲವಾಗುತ್ತದೆ, ರೋಧಕತೆ ನೋಡನೋಡುತ್ತಿದ್ದಂತೆ ಕುಸಿಯುತ್ತದೆ. ಗಾಳಿ ಸೋಕಿದರೆ ಸಾಕು. ಅದಕ್ಕೇ ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ, ಶುದ್ಧ ನೀರನ್ನು ಮಾಡುವುದು ಅರ್ಧ ಕೆಲಸ, ಕಾಯುವುದು ಇನ್ನರ್ಧ ಎಂದು.

ಇಲ್ಲೊಂದು ಸೊಗಸಾದ ಸಂಗತಿ ನೆನಪಾಗುತ್ತದೆ, ಚಿಪ್ಪಿನವರು ಈಗಾಗಲೇ ನಗುತ್ತಿದ್ದಾರೆ. ಇಷ್ಟೆಲ್ಲ ಕಷ್ಟಪಟ್ಟು ತೆಗೆದ ಅದೇ ಇಂಗಾಲದ ಡೈಆಕ್ಸೈಡನ್ನು ವೇಫರ್ ತೊಳೆಯುವ ಕೆಲವು ಹಂತಗಳಲ್ಲಿ ಮತ್ತೆ ನೀರಿಗೆ ಬೆರೆಸುತ್ತಾರೆ! ಅಪ್ಪಟ ನೀರು ವಿದ್ಯುತ್ತನ್ನು ಬಹುತೇಕ ಹರಿಯಗೊಡುವುದಿಲ್ಲ. ರಭಸದಿಂದ ಚಿಮ್ಮಿದಾಗ ಸ್ಥಾಯಿ ವಿದ್ಯುತ್ ಹುಟ್ಟಿ, ಎಲ್ಲೂ ಹರಿದುಹೋಗಲಾರದೆ, ಚಿಪ್ಪಿನ ಸೂಕ್ಷ್ಮ ವಿದ್ಯುತ್ ಮಂಡಲಗಳನ್ನೇ ಸುಡಬಹುದು. ಹಾಗಾಗಿ ಅಳೆದು ತೂಗಿ ಒಂದಿಷ್ಟು ಅನಿಲ. ಯಾವುದರಿಂದ ಶುದ್ಧ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರವಿದ್ದವರು ಮಾತ್ರ ಏನನ್ನು ಬೆರೆಸಬಹುದು ಎಂದು ಧೈರ್ಯವಾಗಿ ಹೇಳಬಲ್ಲರು.

ಈಗ ನಡುವಿನ ಸಾಲಿನವರ ಕಡೆಗೆ ಬರುತ್ತೇನೆ. ಫ್ಲಾರೆನ್ಸ್ ಸೀಬರ್ಟ್ ಎಂಬ ಹೆಸರನ್ನು ಎಷ್ಟು ಜನ ಕೇಳಿದ್ದೀರಿ? ಮೂರೋ ನಾಲ್ಕೋ ಕೈಗಳು. ಇನ್ನಷ್ಟು ಇರಬೇಕಿತ್ತು. 1897ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಕೆಗೆ ಮೂರನೆಯ ವಯಸ್ಸಿನಲ್ಲಿ ಪೋಲಿಯೊ ತಗುಲಿತು. ಕಾಲಿಗೆ ಆಸರೆ ಕಟ್ಟಿಕೊಂಡೇ ಓದಿದರು, 1923ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಆ ಕಾಲದಲ್ಲಿ ರಕ್ತನಾಳಕ್ಕೆ ಚುಚ್ಚುಮದ್ದು ಕೊಟ್ಟ ನಂತರ ರೋಗಿಗಳಿಗೆ ಚಳಿಜ್ವರ ಬರುವುದು ವೈದ್ಯರಿಗೆ ದೊಡ್ಡ ತಲೆನೋವಾಗಿತ್ತು. ಕೆಲವರು ಮದ್ದನ್ನು ದೂರಿದರು, ಕೆಲವರು ಅದರಲ್ಲಿನ ಉಪ್ಪನ್ನು ದೂರಿದರು. ನೀರಿನ ಮೇಲೆ ಅನುಮಾನಪಡುವುದು ಸುಲಭವಿರಲಿಲ್ಲ. ಭಟ್ಟಿ ಇಳಿಸಿದ ನೀರು, ಕುದಿಸಿ ಕ್ರಿಮಿಗಳನ್ನು ಕೊಂದ ನೀರು. ಅದರಲ್ಲಿ ಇನ್ನೇನು ಉಳಿದಿರಲು ಸಾಧ್ಯ?

ಉಳಿದಿದ್ದದ್ದು ಸತ್ತ ಬ್ಯಾಕ್ಟೀರಿಯಾಗಳ ದೇಹದ ಪದಾರ್ಥ. ನಾವು ಇಂದು ಎಂಡೋಟಾಕ್ಸಿನ್ ಎಂದು ಕರೆಯುವ ಅದು ಸಾಮಾನ್ಯ ಕುದಿತಕ್ಕೆ ಜಗ್ಗುವುದಿಲ್ಲ. ಬ್ಯಾಕ್ಟೀರಿಯಾ ಸಾಯುತ್ತದೆ, ಅದರ ವಿಷ ಉಳಿಯುತ್ತದೆ. ಸೀಬರ್ಟ್ ಇಷ್ಟಕ್ಕೆ ನಿಲ್ಲಲಿಲ್ಲ. ನನಗೆ ಅವರ ಮೇಲೆ ಇಷ್ಟೊಂದು ಗೌರವ ಇರುವುದು ಇಲ್ಲಿಯೇ. ವಿಷವು ಆವಿಯಾಗದು, ಹಾಗಾದರೆ ಭಟ್ಟಿಯನ್ನು ದಾಟಿ ಬಂದದ್ದು ಹೇಗೆ? ಅವರು ಭಟ್ಟಿಯನ್ನು ಗಮನವಿಟ್ಟು ನೋಡಿದರು. ಕುದಿಯುವ ನೀರು ಸಿಡಿಯುತ್ತದೆ, ಸಿಡಿದ ಸಣ್ಣ ಹನಿಗಳು ಆವಿಯ ಬೆನ್ನೇರಿ ಆಚೆಯ ಪಾತ್ರೆಯನ್ನು ಸೇರುತ್ತವೆ, ಆ ಹನಿಗಳೊಳಗೆ ವಿಷವೂ ಪ್ರಯಾಣ ಮಾಡುತ್ತದೆ. ಹನಿಗಳನ್ನು ತಡೆಯುವ ಒಂದು ಅಡ್ಡಿಯನ್ನು ಅವರು ಉಪಕರಣಕ್ಕೆ ಸೇರಿಸಿದರು. ಆ ಉಪಕರಣದ ನೀರಿನಿಂದ ಜ್ವರ ಬರಲಿಲ್ಲ. ಇಂದಿಗೂ ಔಷಧ ಕಾರ್ಖಾನೆಯ ಭಟ್ಟಿಗಳಲ್ಲಿ ಆವಿಯಿಂದ ಹನಿಗಳನ್ನು ಬೇರ್ಪಡಿಸುವ ಭಾಗವೇ ಜೀವಾಳ. ಮುಂದೆ ಅವರು ಕ್ಷಯದ ಚರ್ಮ ಪರೀಕ್ಷೆಗೆ ಬೇಕಾದ ಟ್ಯೂಬರ್ಕ್ಯುಲಿನ್ ಅನ್ನು ಶುದ್ಧೀಕರಿಸಿಕೊಟ್ಟರು, ಅದಿನ್ನೊಂದು ಉಪನ್ಯಾಸ.

ಚುಚ್ಚುಮದ್ದಿನ ನೀರಿನಲ್ಲಿ ಇಂದು ಎಂಡೋಟಾಕ್ಸಿನ್ ಮಿಲಿಲೀಟರಿಗೆ 0.25 ಘಟಕವನ್ನು ಮೀರುವಂತಿಲ್ಲ. ಅದೇ ನೀರಿನ ಒಟ್ಟು ಸಾವಯವ ಇಂಗಾಲಕ್ಕೆ ಲೀಟರಿಗೆ 500 ಮೈಕ್ರೋಗ್ರಾಂವರೆಗೆ ಅವಕಾಶವಿದೆ. ಮುಂದುವರಿದ ಚಿಪ್ ಕಾರ್ಖಾನೆಯಲ್ಲಿ ಒಂದು ಮೈಕ್ರೋಗ್ರಾಂ ಕೂಡ ಹೆಚ್ಚಾಯಿತು ಎನ್ನುತ್ತಾರೆ. ಹಾಗಾದರೆ ಚಿಪ್ಪಿನ ನೀರು ಹೆಚ್ಚು ಶುದ್ಧವೇ? ಅದನ್ನು ನೇರವಾಗಿ ರಕ್ತಕ್ಕೆ ಸೇರಿಸುವ ಮದ್ದಿಗೆ ಬಳಸಬಹುದೇ? ಎಂಡೋಟಾಕ್ಸಿನ್ ಪರೀಕ್ಷೆಯೂ ಔಷಧದ ನಿಯಮಗಳು ಕೇಳುವ ದಾಖಲೆಯೂ ಇಲ್ಲದೆ ಬಳಸುವಂತಿಲ್ಲ. ಮತ್ತೆ ಅದೇ ಪ್ರಶ್ನೆ, ಯಾವುದರಿಂದ ಶುದ್ಧ? ಸಿಲಿಕಾನಿಗೆ ಬೋರಾನ್ ಭಯ, ರಕ್ತಕ್ಕೆ ಸತ್ತ ಬ್ಯಾಕ್ಟೀರಿಯಾದ ಭಯ. ಒಂದೇ ಏಣಿಯ ಮೇಲಿನ, ಕೆಳಗಿನ ಮೆಟ್ಟಿಲುಗಳೆಂದು ಇವುಗಳನ್ನು ಎಣಿಸಲಾಗದು.

ಆದರೆ ಇಬ್ಬರಿಗೂ ಸಮಾನ ಶತ್ರು ಒಂದಿದೆ. ಪೈಪಿನ ಒಳಗೋಡೆಗೆ ಅಂಟಿಕೊಂಡು ಬೆಳೆಯುವ ಬ್ಯಾಕ್ಟೀರಿಯಾಗಳ ಲೋಳೆ ಪದರ, ಬಯೋಫಿಲ್ಮ್. ತಿನ್ನಲು ಏನೂ ಇಲ್ಲದಂತಿರುವ ಅತಿಶುದ್ಧ ನೀರಿನಲ್ಲೂ ರಾಲ್‌ಸ್ಟೋನಿಯಾ ಪಿಕೆಟ್ಟಿಯಂಥವು ಬದುಕಿ ಬೆಳೆಯುತ್ತವೆ. ನೀರು ಹರಿಯದ ಕುರುಡು ಕವಲು, ನಮ್ಮವರು ಡೆಡ್ ಲೆಗ್ ಎನ್ನುವುದು, ಅವುಗಳ ನೆಚ್ಚಿನ ತಾಣ. ಔಷಧದವರು ನೀರನ್ನು ಸುಮಾರು 80 ಡಿಗ್ರಿಯಲ್ಲಿ ಬಿಸಿಯಾಗಿಯೇ ಸುತ್ತಿಸುತ್ತಾರೆ. ಚಿಪ್ಪಿನವರು ಬಿಡುವಿಲ್ಲದ ಹರಿವು, ನೇರಳಾತೀತ ಬೆಳಕು ಮತ್ತು ಸೋಸುಗಗಳನ್ನು ನಂಬುತ್ತಾರೆ. ಒಬ್ಬರು ಕಲಿತ ಪಾಠವನ್ನು ಇನ್ನೊಬ್ಬರು ಮತ್ತೆ ಮೊದಲಿನಿಂದ, ಮತ್ತೆ ಹಣ ಸುರಿದು ಕಲಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ನನಗೆ ನೋವು ಕೊಡುತ್ತದೆ.

ಹತ್ತು ನಿಮಿಷ ಉಳಿದಿದೆ ಎಂಬ ಚೀಟಿ ಬಂದಿದೆ. ಪೊರೆಗಳ ಇತಿಹಾಸವನ್ನು ಬಿಡುತ್ತೇನೆ. ಆದರೆ ಇದೊಂದನ್ನು ಬಿಡಲಾರೆ.

1996ರಲ್ಲಿ ಬ್ರೆಜಿಲ್ ದೇಶದ ಕರುವಾರು ನಗರದ ಒಂದು ಡಯಾಲಿಸಿಸ್ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುತ್ತಿದ್ದವರು ಒಬ್ಬರ ನಂತರ ಒಬ್ಬರು ಯಕೃತ್ತು ಕೆಟ್ಟು ಸಾಯತೊಡಗಿದರು. ಸತ್ತವರು 50ಕ್ಕೂ ಹೆಚ್ಚು. ಜಲಾಶಯದಲ್ಲಿ ಬೆಳೆದ ನೀಲಿ ಹಸಿರು ಪಾಚಿಯ ಮೈಕ್ರೋಸಿಸ್ಟಿನ್ ಎಂಬ ವಿಷ, ಸರಿಯಾಗಿ ಶುದ್ಧೀಕರಿಸದ ನೀರಿನ ಮೂಲಕ ಅವರ ರಕ್ತವನ್ನು ಸೇರಿತ್ತು. ನೀರನ್ನು ನಾವು ಕುಡಿಯುವುದು ದಿನಕ್ಕೆ ಎರಡು ಮೂರು ಲೀಟರ್. ಡಯಾಲಿಸಿಸ್‌ನ ಒಂದೇ ಸರದಿಯಲ್ಲಿ ಸುಮಾರು 120 ಲೀಟರ್ ನೀರು ತೆಳುವಾದ ಪೊರೆಯೊಂದರ ಆಚೆ ರಕ್ತಕ್ಕೆ ಎದುರಾಗಿ ಹರಿಯುತ್ತದೆ. ಜಲಾಶಯದ ಪಾಚಿಯನ್ನು ಗಮನಿಸುವವರು ಬಲಗಡೆಯ ಸಾಲಿನಲ್ಲಿದ್ದೀರಿ. ರೋಗಿಯ ಪಕ್ಕದಲ್ಲಿ ನಿಲ್ಲುವವರು ನಡುವಿನ ಸಾಲಿನಲ್ಲಿದ್ದೀರಿ. ನಿಮ್ಮ ನಡುವೆ ಇರುವುದು ಎರಡು ಅಡಿ ಅಗಲದ ನಡೆದಾರಿ. ಪಾಚಿ ಹಬ್ಬಿದ ದಿನ ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡಲು ಆ ಸಂಖ್ಯೆ ನಿಮ್ಮ ಬಳಿ ಇದೆಯೇ?

ಉಳಿದದ್ದನ್ನು ಓಡುತ್ತಲೇ ಹೇಳುತ್ತೇನೆ. ಹೊರಹೋಗುವ ನೀರು: ಚಿಪ್ಪಿನ ಕೆತ್ತನೆಯಿಂದ ಬರುವ ಫ್ಲೋರೈಡನ್ನು ಸುಣ್ಣ ಹಾಕಿ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ತಳಕ್ಕೆ ಇಳಿಸಬಹುದು. ಆದರೆ ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೀಟರಿಗೆ 1.5 ಮಿಲಿಗ್ರಾಂ ಮಟ್ಟಕ್ಕೆ ಸುಣ್ಣವೊಂದೇ ಸಾಮಾನ್ಯವಾಗಿ ಇಳಿಸಲಾರದು. ಮತ್ತೊಂದು ಹಂತ ಬೇಕೇ ಬೇಕು. ಔಷಧ ಕಾರ್ಖಾನೆಯ ತ್ಯಾಜ್ಯದಲ್ಲಿ ಪ್ರತಿಜೀವಕ ಉಳಿದಿದ್ದರೆ, ಅದನ್ನು ಶುದ್ಧೀಕರಿಸಬೇಕಾದ ಬ್ಯಾಕ್ಟೀರಿಯಾಗಳನ್ನೇ ಅದು ಕೊಲ್ಲುತ್ತದೆ. ಜೈವಿಕ ಹಂತಕ್ಕೆ ಮುಂಚೆ ಓಝೋನ್ ಬಳಸುವುದು ಅದಕ್ಕೇ. ಮರುಬಳಕೆ: ಸಿಂಗಪುರದಲ್ಲಿ ಊರಿನ ಬಳಸಿದ ನೀರನ್ನು ಪೊರೆಗಳಿಂದ ಶುದ್ಧೀಕರಿಸಿ 2003ರಿಂದ ವೇಫರ್ ಕಾರ್ಖಾನೆಗಳಿಗೆ ಕೊಡುತ್ತಿದ್ದಾರೆ. ಅಲ್ಲಿ ಬಲಗಡೆಯ ಸಾಲಿನವರೂ ಎಡಗಡೆಯ ಸಾಲಿನವರೂ ಒಂದೇ ಮೇಜಿನ ಸುತ್ತ ಕುಳಿತಿರಲೇಬೇಕು. ಸೆನ್ಸರ್‌ಗಳ ಬಗ್ಗೆ ನಾಲ್ಕು ಚಿತ್ರಗಳಿದ್ದವು, ಅವುಗಳನ್ನು ದಾಟುತ್ತೇನೆ. ಬೇಕಾದವರಿಗೆ ಆಮೇಲೆ ತೋರಿಸುತ್ತೇನೆ.

ಈಗ ಪ್ರಶ್ನೆಗಳು. ಒಂದು ವಿನಂತಿ ಇದೆ, ದಯವಿಟ್ಟು ನಡೆಸಿಕೊಡಿ. ಚಿಪ್ಪಿನವರು ಔಷಧದ ನೀರಿನ ಬಗ್ಗೆ ಕೇಳಿ, ಔಷಧದವರು ತ್ಯಾಜ್ಯದ ಬಗ್ಗೆ ಕೇಳಿ. ಉತ್ತರವನ್ನು ನಾನು ಕೊಡುವುದಿಲ್ಲ, ಆಯಾ ಸಾಲಿನವರೇ ಎದ್ದು ನಿಂತು ಕೊಡಲಿ. ಮೈಕನ್ನು ಮೊದಲು ಆ ಹಿಂದಿನ ಸಾಲಿನ ಹುಡುಗಿಗೆ ಕೊಡಿ. ಆಗಿನಿಂದ ಕೈ ಎತ್ತಿಕೊಂಡೇ ಕುಳಿತಿದ್ದಾಳೆ.