ಬ್ಲಾಕ್ ಇಲ್ಲದ ಎದೆನೋವು

ಕೇಳುಗರಿಗೆ ನಮಸ್ಕಾರ. ಎದೆನೋವೆಂದು ಆಸ್ಪತ್ರೆಗೆ ಹೋಗಿ, ಆಂಜಿಯೋಗ್ರಾಮ್ ಮಾಡಿಸಿಕೊಂಡು, "ಬ್ಲಾಕ್ ಏನೂ ಇಲ್ಲ" ಎಂಬ ಸಮಾಧಾನದ ಮಾತು ಕೇಳಿ ಊರಿಗೆ ಮರಳಿದವರು ನಮ್ಮ ವಿಜಯಪುರ ಜಿಲ್ಲೆಯಲ್ಲೂ ಇದ್ದಾರೆ. ಅವರಲ್ಲಿ ಕೆಲವರಿಗೆ ನೋವು ಮಾತ್ರ ಹೋಗಿರುವುದಿಲ್ಲ; ತುಂಬಿದ ಕೊಡ ಹೊತ್ತಾಗ, ಗೋಳಗುಮ್ಮಟದ ಮೆಟ್ಟಿಲು ಹತ್ತಿದಾಗ ಎದೆ ಮತ್ತೆ ಬಿಗಿಯುತ್ತದೆ. ಮನೆಯವರು ಗ್ಯಾಸ್ ಎನ್ನುತ್ತಾರೆ, ಇಲ್ಲವೇ ಚಿಂತೆ ಎನ್ನುತ್ತಾರೆ. ಹೆಣ್ಣುಮಕ್ಕಳಿಗಂತೂ ಈ ಮಾತು ತಪ್ಪಿದ್ದಲ್ಲ; ಈ ತೊಂದರೆ ಹೆಚ್ಚಾಗಿ ಕಾಣುವುದೂ ಅವರಲ್ಲಿಯೇ.

ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಮೇನ್ ಪೈಪಿನಲ್ಲಿ ನೀರು ಭರ್ತಿ ಹರಿಯುತ್ತಿದ್ದರೂ ಡ್ರಿಪ್ಪರ್ ಸರಿಯಿಲ್ಲದಿದ್ದರೆ ಬಳ್ಳಿ ಬಾಡುತ್ತದೆ. ಆಂಜಿಯೋಗ್ರಾಮ್ ತೋರಿಸುವುದು ಮೇನ್ ಪೈಪನ್ನು, ಅಂದರೆ ಹೃದಯದ ದೊಡ್ಡ ರಕ್ತನಾಳಗಳನ್ನು. ಸುಮಾರು ಅರ್ಧ ಮಿಲಿಮೀಟರಿಗಿಂತ ಸಣ್ಣ ನಾಳಗಳು ಅದರಲ್ಲಿ ಕಾಣುವುದಿಲ್ಲ. ಹೃದಯದ ಸ್ನಾಯುವಿಗೆ ಯಾವಾಗ ಎಷ್ಟು ರಕ್ತ ಸೇರಬೇಕೆಂಬುದನ್ನು ಬಹುಮಟ್ಟಿಗೆ ಹಿಡಿತದಲ್ಲಿ ಇಟ್ಟುಕೊಂಡಿರುವುದು ಆ ಸಣ್ಣ ನಾಳಗಳೇ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಬಾರದು, ಏಕೆಂದರೆ ಡ್ರಿಪ್ಪರಿನಲ್ಲಿ ಕಸ ಕಟ್ಟಿರುತ್ತದೆ, ಇಲ್ಲಿಯಾದರೋ ದುಡಿಮೆ ಹೆಚ್ಚಿದಾಗ ನಾಳಗಳು ಹಿಗ್ಗಬೇಕಾದಷ್ಟು ಹಿಗ್ಗುವುದಿಲ್ಲ. ಹಿಗ್ಗುವ ಸೂಚನೆ ಕೊಡುವುದು ನಾಳದ ಒಳಪದರದಿಂದ ಹೊರಡುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ; ಈ ಸಂಶೋಧನೆಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ ಸಿಗರೇಟುಗಳು ಆ ಒಳಪದರವನ್ನೇ ಕೆಡಿಸುತ್ತವೆ.

ಇನ್ನೊಂದು ಬಗೆಯಲ್ಲಿ ದೊಡ್ಡ ನಾಳವೇ ಸೆಡೆತುಕೊಂಡು ಕೆಲಹೊತ್ತು ಕಿರಿದಾಗುತ್ತದೆ. 1959ರಲ್ಲಿ ಪ್ರಿಂಜ್‌ಮೆಟಲ್ ಎಂಬ ವೈದ್ಯರು ವಿವರಿಸಿದ ಈ ನೋವು ದುಡಿಯುವಾಗಲ್ಲ, ಹೆಚ್ಚಾಗಿ ಸುಮ್ಮನೆ ಮಲಗಿದ್ದಾಗ, ನಡುರಾತ್ರಿಯಿಂದ ನಸುಕಿನವರೆಗೆ ಬರುತ್ತದೆ. ನಾಳದೊಳಗೆ ಅಸಿಟೈಲ್‌ಕೋಲಿನ್ ಎಂಬ ಔಷಧ ಬಿಟ್ಟು ಇದನ್ನು ಪತ್ತೆ ಹಚ್ಚುತ್ತಾರೆ, ಆದರೆ ಈ ಪರೀಕ್ಷೆ ಎಲ್ಲ ಕಡೆ ಸಿಗುವುದಿಲ್ಲ.

ಎರಡನ್ನೂ ಬೇರ್ಪಡಿಸಿ ನೋಡುವುದು ಹಟಕ್ಕಲ್ಲ, ಗುಳಿಗೆಗಾಗಿ. ಸಣ್ಣ ನಾಳಗಳ ತೊಂದರೆಯಲ್ಲಿ ಉಪಯೋಗಕ್ಕೆ ಬರುವ ಬೀಟಾ ಬ್ಲಾಕರ್ ಗುಳಿಗೆಗಳಲ್ಲಿ ಕೆಲವು ಸೆಡೆತವನ್ನು ಹೆಚ್ಚಿಸಬಲ್ಲವು. ಸೆಡೆತಕ್ಕೆ ಮೊದಲು ಕೊಡುವುದು ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ ಎಂಬ ಬೇರೆ ಬಗೆಯ ಗುಳಿಗೆ. ಆದ್ದರಿಂದ ಪಕ್ಕದ ಮನೆಯವರ ಗುಳಿಗೆ ತಂದು ನುಂಗಬೇಡಿ. ನೋವು ಎಷ್ಟು ಹೊತ್ತಿಗೆ ಬಂತು, ಆಗ ಏನು ಮಾಡುತ್ತಿದ್ದಿರಿ, ಎಷ್ಟು ನಿಮಿಷ ಇತ್ತು ಎಂಬುದನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿ. ವಿಶ್ರಾಂತಿಗೂ ತಗ್ಗದ ನೋವು, ಬೆವರು, ಉಸಿರುಕಟ್ಟು ಇದ್ದರೆ ಹಳೆಯ ವರದಿ ಚೆನ್ನಾಗಿತ್ತೆಂದು ಕೂಡಬೇಡಿ. ಆ ಹೊತ್ತಿಗೇ 108ಕ್ಕೆ ಕರೆ ಮಾಡಿ. ನಮಸ್ಕಾರ.